ಚಿಕ್ಕಂದಿನ ಕಾಡಿಗೆ ಮತ್ತೆ ಹೋಗಿ ಬ್ಲೂಬೆಲ್ ನೋಡಿ ಬಂದೆ: ಹೋದವರು, ಹೋಗುವವರು ಬನ್ನಿ

ಹೆಮೆಲ್‌ನವಳು

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಕಡೆ ಇರುವವರು ಅಥವಾ ಹಿಂದೆ ಇದ್ದವರು ಇಲ್ಲಿದ್ದೀರಾ? ನಾನು ಹುಟ್ಟಿದ್ದು ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿ. ಅಪ್ಪ ಅಲ್ಲಿ ಡಾಕ್ಟರ್ ಆಗಿದ್ದರು. ನಾನು ಮಿಡ್ಲ್ ಸ್ಕೂಲ್‌ನಲ್ಲಿದ್ದಾಗ ಎಲ್ಲರೂ ಮೈಸೂರಿಗೆ ವಾಪಸ್ ಬಂದುಬಿಟ್ಟೆವು. ಈಗ ಕೆಲಸದ ಮೇಲೆ ಲಂಡನ್ನಿಗೆ ಬಂದಿದ್ದೇನೆ. ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಬಂದಿದ್ದೇನೆ.

ಆಗೆಲ್ಲ ಏಪ್ರಿಲ್ ಕೊನೆ ಬಂತು ಅಂದರೆ ಆಶ್‌ರಿಜ್ ಕಾಡಿಗೆ ಹೋಗಲೇಬೇಕಿತ್ತು. ಬರ್ಕಮ್‌ಸ್ಟೆಡ್ ದಾಟಿ ಹೋದರೆ ಸಿಗುತ್ತದೆ. ಎರಡು ಸಾವಿರ ಹೆಕ್ಟೇರಿನಷ್ಟು ದೊಡ್ಡ ಜಾಗ, 1926ರಿಂದ ನ್ಯಾಷನಲ್ ಟ್ರಸ್ಟ್ ಅನ್ನುವ ಸಂರಕ್ಷಣಾ ಸಂಸ್ಥೆಯ ಕೈಯಲ್ಲಿದೆ. ಅದರಲ್ಲಿ ಡಾಕಿ ವುಡ್ ಅಂತ ಒಂದು ಮೂಲೆ. ಮೇಲೆ ಬೀಚ್ ಮರಗಳು, ಕೆಳಗೆ ಕಣ್ಣು ಹೋದಷ್ಟು ದೂರಕ್ಕೂ ಬ್ಲೂಬೆಲ್ ಹೂವಿನ ನೀಲಿ. ಅಮ್ಮ ಚಿತ್ರಾನ್ನ ಕಟ್ಟಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ಕೂತ ಇಂಗ್ಲಿಷ್ ಕುಟುಂಬದವರು ಒಗ್ಗರಣೆ ವಾಸನೆಗೆ ತಿರುಗಿ ನೋಡುತ್ತಿದ್ದರು!

ಮೊನ್ನೆ ಹೋಗಿದ್ದೆ. ಒಂದು ಭಯ ಇತ್ತು. ಚಿಕ್ಕವರಿದ್ದಾಗ ದೊಡ್ಡದಾಗಿ ಕಂಡದ್ದೆಲ್ಲ ಈಗ ನೋಡಿದರೆ ಪುಟ್ಟದಾಗಿರುತ್ತದೆ ಅಲ್ವಾ. ನಮ್ಮ ಹಳೇ ಮನೆ ಹಾಗೇ ಆಗಿದೆ, ಸ್ಕೂಲ್ ಅಂತೂ ಇನ್ನೂ ಪುಟ್ಟದು. ಕಾಡು ಮಾತ್ರ ಅಷ್ಟೇ ದೊಡ್ಡದಿದೆ. ಬೀಚ್ ಎಲೆ ಆಗ ತಾನೇ ಬಿಚ್ಚಿಕೊಳ್ಳುತ್ತಿತ್ತು. ಆ ಎಳೆ ಎಲೆಯ ಅಂಚಿನಲ್ಲಿ ರೇಷ್ಮೆಯಂಥ ಬಿಳಿ ರೋಮ ಇರುತ್ತದೆ, ಬಿಸಿಲಿಗೆ ಹಿಡಿದರೆ ಕಾಣುತ್ತದೆ. ಅದನ್ನು ಮರೆತೇ ಹೋಗಿದ್ದೆ.

ಬದಲಾಗಿರುವುದು ಓಡಾಟ. ಹೂವಿನ ಸಮಯದಲ್ಲಿ ಈಗ ಡಾಕಿ ವುಡ್‌ಗೆ ಟಿಕೆಟ್ ಇಡುತ್ತಾರೆ, ಮುಖ್ಯವಾಗಿ ವಾರಾಂತ್ಯಕ್ಕೆ. ಗುರುತು ಮಾಡಿದ ದಾರಿಯಲ್ಲೇ ನಡೀಬೇಕು. ನಾವು ಬೇಕಾದ ಕಡೆ ನುಗ್ಗುತ್ತಿದ್ದ ಕಾಲ ಮುಗಿಯಿತು. ನನಗೆ ಇದು ಸರಿ ಅನ್ನಿಸಿತು, ಅಮ್ಮನಿಗೆ ಅಷ್ಟು ಸರಿ ಅನ್ನಿಸಲಿಲ್ಲ. "ಹೂವಿನ ನಡುವೆ ಕೂರದೆ ದೂರದಿಂದ ನೋಡೋಕೆ ಫೋಟೋನೇ ಸಾಕಿತ್ತಲ್ಲ" ಅಂದರು.

ನಿಮ್ಮಲ್ಲಿ ಯಾರಾದರೂ ಹೀಗೆ ಚಿಕ್ಕಂದಿನ ಕಾಡಿಗೆ ಮತ್ತೆ ಹೋಗಿದ್ದೀರಾ? ಹೇಗಿತ್ತು? ಇನ್ನೊಂದು, ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ. ಲಂಡನ್ ಹತ್ತಿರ ಬೇರೆ ಕಾಡು ಇದ್ದರೆ ಹೇಳಿ. ಹೂವು ಇನ್ನೂ ಸ್ವಲ್ಪ ದಿನ ಇರುತ್ತದೆ.

ಈಸ್ಟ್‌ಹ್ಯಾಮ್ ಎಂಕ

ಮೇಡಂ, ನಿಮ್ಮ ಅಮ್ಮನ ಪಾರ್ಟಿ ನಾನು! ಕಾಡಿಗೆ ಟಿಕೆಟ್ ಅಂದರೆ ಏನ್ರೀ ಇದು. ಹೋದ ವರ್ಷ ಹೆಂಡತಿ ಮಕ್ಕಳನ್ನ ಕರೆದುಕೊಂಡು ಒಂದು ಕಡೆ ಹೋಗಿದ್ದೆ, ಹೆಸರು ಬೇಡ. ಆನ್‌ಲೈನ್ ಬುಕಿಂಗ್, ಕಾರ್ ಪಾರ್ಕಿಂಗ್‌ಗೆ ಕ್ಯೂ, ಒಳಗೆ ಹೋದರೆ ಹಗ್ಗ. ಹಗ್ಗದ ಪಕ್ಕ ಸೆಲ್ಫಿ ಕ್ಯೂ. ಚಿಕ್ಕ ಮಗ ಕೇಳಿದ, "ಅಪ್ಪಾ ಇದು ಮ್ಯೂಸಿಯಮ್ಮಾ?" ಅಂತ.

ಆದರೆ ಲಂಡನ್ ಹತ್ತಿರ ಕೇಳಿದ್ದೀರಿ, ಉತ್ತರ ನನ್ನ ಹತ್ತಿರ ಇದೆ. ವಾನ್‌ಸ್ಟೆಡ್ ಪಾರ್ಕ್. ಅದರೊಳಗೆ ಷಾಲೆ ವುಡ್ ಅಂತ ಚಿಕ್ಕ ತೋಪು. ಎಪ್ಪಿಂಗ್ ಫಾರೆಸ್ಟ್ ಅನ್ನುವ ದೊಡ್ಡ ಕಾಡಿಗೆ ಸೇರಿದ್ದು. ಟಿಕೆಟ್ ಇಲ್ಲ, ಟ್ಯೂಬ್‌ನಲ್ಲಿ (ಲಂಡನ್ ಮೆಟ್ರೋ) ಬರಬಹುದು. ಅಲ್ಲಿ ಹಗ್ಗ ಕಟ್ಟಲ್ಲ. ಬಿದ್ದ ಮರದ ದಿಮ್ಮಿಗಳನ್ನು ದಾರಿಯ ಎರಡೂ ಬದಿ ಉದ್ದಕ್ಕೆ ಮಲಗಿಸಿದ್ದಾರೆ, ಊರಿನ ಸ್ವಯಂಸೇವಕರೇ ಸೇರಿ ಮಾಡಿದ ಕೆಲಸ. ದಿಮ್ಮಿ ದಾಟಿ ಹೋಗಬಾರದು ಅಂತ ಯಾರೂ ಹೇಳೋದೇ ಬೇಡ, ಜನ ತಾವೇ ಅದರೊಳಗೆ ನಡೀತಾರೆ.

ಸೊಪ್ಪುಸದೆ

ನಾನು ರೆಡಿಂಗ್‌ನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆದರೆ ಬೈಬೇಡಿ.

ಎಂಕಣ್ಣ, ಹಗ್ಗ ಇರುವುದು ಹೂವಿಗಾಗಿ ಅಂದುಕೊಂಡಿದ್ದೀರಿ. ನಿಜವಾಗಿ ಅದು ಎಲೆಗಾಗಿ. ಬ್ಲೂಬೆಲ್ ಒಂದು ಗೆಡ್ಡೆ ಗಿಡ, ನಮ್ಮ ಈರುಳ್ಳಿ ತರಹ. ಚಳಿ ಮುಗಿಯುವ ಮುಂಚೆಯೇ, ಜನವರಿ ಫೆಬ್ರವರಿಯಲ್ಲೇ ಎಲೆ ತಲೆ ಎತ್ತುತ್ತದೆ. ಯಾಕೆ ಅಷ್ಟು ಅವಸರ? ಮೇ ಬಂದರೆ ಮೇಲಿನ ಬೀಚ್, ಓಕ್ ಎಲೆ ತುಂಬಿಕೊಂಡು ನೆಲಕ್ಕೆ ಬಿಸಿಲೇ ಬೀಳಲ್ಲ. ಮರ ಬೋಳಾಗಿರುವ ಆ ಕೆಲವು ವಾರಗಳಲ್ಲೇ ಇಡೀ ವರ್ಷದ ಸಂಪಾದನೆ ಮಾಡಿ ಗೆಡ್ಡೆಯಲ್ಲಿ ಇಟ್ಟುಕೊಳ್ಳಬೇಕು. ಜೂನ್ ಜುಲೈ ಹೊತ್ತಿಗೆ ಎಲೆ ಕೊಳೆತು ಮಾಯ.

ಈಗ ಆ ಎಲೆಯನ್ನು ತುಳಿದರೆ ಏನಾಗುತ್ತದೆ? ಎಲೆ ರಸಭರಿತ, ಮೆತ್ತಗೆ. ಒಮ್ಮೆ ನಜ್ಜುಗುಜ್ಜಾದರೆ ಮತ್ತೆ ಏಳಲ್ಲ. ಆ ವರ್ಷದ ಸಂಪಾದನೆ ಖೋತಾ. ಎರಡು ಮೂರು ವರ್ಷ ಹೀಗೇ ಆದರೆ ಗೆಡ್ಡೆ ಬಡವಾಗಿ ಹೂ ನಿಲ್ಲುತ್ತದೆ. ನೆಲ ಗಟ್ಟಿಯಾದರೆ ಬೀಜವೂ ಮೊಳೆಯಲ್ಲ. ಬೀಜದಿಂದ ಹೂ ಬಿಡುವ ಗಿಡ ಆಗೋಕೆ ಐದು ವರ್ಷ ಆದರೂ ಬೇಕು. ಬೀಜ ದೂರ ಹಾರಲ್ಲ, ತಾಯಿ ಗಿಡದ ಬುಡದಲ್ಲೇ ಬೀಳುತ್ತದೆ. ಹಾಗಾಗಿ ಒಂದು ಸಲ ಬೋಳಾದ ಜಾಗ ತುಂಬಿಕೊಳ್ಳೋದು ಬಹಳ ನಿಧಾನ.

ಇನ್ನೊಂದು ತಮಾಷೆ ಕೇಳಿ. 1940ರ ದಶಕದ ಕೊನೆಯಲ್ಲೇ ಇಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಹೂವು ಕೀಳುವುದರಿಂದ ಗಿಡಕ್ಕೆ ಆಗುವ ನಷ್ಟ ಕಡಿಮೆ. ಕೀಳೋಕೆ ಹೋದವರ ಕಾಲು ಮಾಡುವ ನಷ್ಟ ಜಾಸ್ತಿ. ಹೂಗೊಂಚಲು ಹಿಡಿದುಕೊಂಡ ಅಜ್ಜಿಗಿಂತ ಫೋಟೋಗೆ ಅಂತ ಒಳಗೆ ಕೂತ ಮದುಮಕ್ಕಳು ಅಪಾಯ!

ಹಾಗಂತ ಕೀಳೋಕೆ ಹೋಗಬೇಡಿ ಮತ್ತೆ.

ಕೊಪ್ಪದ ಕಾಫಿ

ಬ್ಲೂಬೆಲ್ ನಾನು ನೋಡಿಲ್ಲ, ಕೊಪ್ಪ ಬಿಟ್ಟು ದೂರ ಹೋದವನೂ ಅಲ್ಲ. ಆದರೆ ಈ ಜಗಳ ಗೊತ್ತು. 2022ರಲ್ಲಿ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಕಡೆ ಕುರಿಂಜಿ ಅರಳಿದಾಗ ನೋಡಬೇಕಿತ್ತು. ಬೆಂಗಳೂರಿನ ಕಾರುಗಳು ಘಾಟಿಯ ಕೆಳಗಿನವರೆಗೂ. ಹೂವು ಕಿತ್ತು ಬಾನೆಟ್ ಮೇಲೆ ಜೋಡಿಸಿ ರೀಲ್ಸ್ ಮಾಡುವವರು. ನಮ್ಮ ಹುಡುಗರೇ "ಬ್ಯಾಡ ಕಣ್ರೋ" ಅಂದರೆ "ನಿಂದೇನಾ ಗುಡ್ಡ?" ಅನ್ನುತ್ತಿದ್ದರು.

ಸೊಪ್ಪುಸದೆಯವರೇ, ಕುರಿಂಜಿಗೂ ಇದೇ ಲೆಕ್ಕನಾ? ಹೂ ಕಿತ್ತರೆ ಪರವಾಗಿಲ್ವಾ?

ಸೊಪ್ಪುಸದೆ

ಅಲ್ಲ ಸ್ವಾಮಿ, ಪೂರಾ ಉಲ್ಟಾ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸತ್ತುಹೋಗುತ್ತದೆ. ಮುಂದಿನ ಪೀಳಿಗೆ ಪೂರ್ತಿ ಆ ಬೀಜದ ಮೇಲೆ ನಿಂತಿದೆ. ಅಲ್ಲಿ ಹೂ ಕಿತ್ತರೆ ಹನ್ನೆರಡು ವರ್ಷದ ಬೀಜವನ್ನೇ ಕಿತ್ತ ಹಾಗೆ. ಬ್ಲೂಬೆಲ್‌ಗೆ ಗೆಡ್ಡೆಯೇ ಆಸ್ತಿ, ಅದು ಪ್ರತಿ ವರ್ಷ ಬರುತ್ತದೆ. ಅದಕ್ಕೇ ಇಲ್ಲಿ ಕಾಲಿನ ಮೇಲೆ ಕಣ್ಣು, ಅಲ್ಲಿ ಕೈ ಮೇಲೆ ಕಣ್ಣು ಇಡಬೇಕು.

ಹೆಮೆಲ್‌ನವಳು

ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ತೀರ್ಥಹಳ್ಳಿಯವರು. "ಎಲೆ ಅಂತ ಮೊದಲೇ ಹೇಳಿದ್ದರೆ ನಾನ್ಯಾಕೆ ಒಳಗೆ ಹೋಗ್ತಿದ್ದೆ, ಬೋರ್ಡಲ್ಲಿ ಬರೀ ದಾರಿ ಬಿಡಬೇಡಿ ಅಂತಿತ್ತು" ಅಂದರು. ಅದೂ ಸರಿಯೇ. ಯಾಕೆ ಅಂತ ಒಂದು ಸಾಲು ಬರೆದರೆ ಜನ ಕೇಳುತ್ತಾರೆ.

ನಾನು ಕಣ್ಣಾರೆ ಕಂಡದ್ದು ಒಂದಿದೆ. ದಾರಿ ತಿರುಗುವ ಕಡೆ, ಫೋಟೋಗೆ ಚೆನ್ನಾಗಿ ಕಾಣುವ ಒಂದು ದೊಡ್ಡ ಬೀಚ್ ಮರದ ಬುಡ. ಅಲ್ಲಿ ಮಾತ್ರ ನೀಲಿ ಇಲ್ಲ. ಮಂಚದಷ್ಟು ಅಗಲ ಜಾಗ ಕಂದು, ಗಟ್ಟಿ, ಹೊಳೆಯುವ ಮಣ್ಣು. ಅಂಚಿನಲ್ಲಿ ಎಲೆಗಳು ಮಡಚಿಕೊಂಡು ಹಳದಿಯಾಗಿ ಬಿದ್ದಿದ್ದವು. ಅಲ್ಲಿಂದ ಒಂದು ಹೆಜ್ಜೆ ಆಚೆ ಹೂ ತುಂಬಿಕೊಂಡಿದೆ. ಎಷ್ಟು ಜನ ಅದೇ ಮರಕ್ಕೆ ಒರಗಿ ನಿಂತಿರಬೇಕು ಲೆಕ್ಕ ಹಾಕಿ.

ಎಂಕಣ್ಣ, ವಾನ್‌ಸ್ಟೆಡ್ ನೋಟ್ ಮಾಡಿಕೊಂಡೆ.

ತೋಟದ ಹುಚ್ಚು

ನಡುವೆ ಬಾಯಿ ಹಾಕುತ್ತಿದ್ದೇನೆ. ನಾವು ಸ್ಲೌ ಹತ್ತಿರ ಮನೆ ತಗೊಂಡೆವು. ಹಿಂದಿನ ಓನರ್ ಬೇಲಿ ಉದ್ದಕ್ಕೂ ಬ್ಲೂಬೆಲ್ ಹಾಕಿಸಿದ್ದಾರೆ. ದಪ್ಪ ದಪ್ಪ ಕಾಂಡ, ನೆಟ್ಟಗೆ ನಿಲ್ಲುತ್ತದೆ, ತಿಳಿ ನೀಲಿ, ಕೆಲವು ಗುಲಾಬಿ. ವಾಸನೆ ಏನೂ ಇಲ್ಲ. ಕಿತ್ತಷ್ಟೂ ಬರುತ್ತದೆ ಮಾರಾಯ್ರೆ. ಕಾಡಿನದು ಇದೇನಾ? ಇದಕ್ಕೆ ಯಾರು ಟಿಕೆಟ್ ಕೊಟ್ಟು ಹೋಗ್ತಾರೆ!

ಸೊಪ್ಪುಸದೆ

ನಿಮ್ಮದು ಸ್ಪ್ಯಾನಿಷ್ ಬ್ಲೂಬೆಲ್ ಅಥವಾ ಅದರ ಮಿಶ್ರತಳಿ ಇರಬೇಕು. 17ನೇ ಶತಮಾನದಲ್ಲಿ ತೋಟಗಳಿಗೆ ಅಂತ ತಂದದ್ದು, ಬೇಲಿ ಹಾರಿ ಆಚೆ ಹೋಗಿದೆ.

ಕಾಡಿನದನ್ನು ಗುರುತಿಸೋದು ಸುಲಭ. ಒಂದು ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ, ದಾರಿ ಪಕ್ಕದ್ದೇ ಸಾಕು. ಕಾಂಡದ ತುದಿ ಒಂದೇ ಕಡೆಗೆ ಬಾಗಿರುತ್ತದೆ, ಹೂಗಳೆಲ್ಲ ಆ ಒಂದು ಬದಿಗೇ ಜೋತು ಬೀಳುತ್ತವೆ. ಹೂವು ಸಣ್ಣ ಕೊಳವೆ, ಆರು ಎಸಳಿನ ತುದಿ ಹೊರಗೆ ಸುರುಳಿ ಸುತ್ತಿಕೊಂಡಿರುತ್ತದೆ. ಒಳಗೆ ಇಣುಕಿದರೆ ಪರಾಗ ಕೆನೆ ಬಣ್ಣ. ಸ್ಪ್ಯಾನಿಷ್‌ನದ್ದು ಕಾಂಡದ ಸುತ್ತ ಎಲ್ಲ ಕಡೆ ಹೂ, ಬಾಯಿ ಅಗಲ, ಪರಾಗ ಹೆಚ್ಚಾಗಿ ನೀಲಿ, ಎಲೆ ಬೆರಳಿಗಿಂತ ಅಗಲ. ಕಾಡಿನದ್ದರ ಎಲೆ ಕಿರಿದು. ಮತ್ತೆ ವಾಸನೆ, ಅದೊಂದೇ ಸಾಕು.

ತೊಂದರೆ ಏನೆಂದರೆ ಎರಡೂ ಬೆರೆಯುತ್ತವೆ. ಕಾಡಿನ ಪಕ್ಕದ ಮನೆಯವರು ಹಿತ್ತಲಿನ ಕಸ ಕಾಡಂಚಿಗೆ ಸುರಿದರೆ ಗೆಡ್ಡೆಗಳು ಅಲ್ಲೇ ಬೇರೂರುತ್ತವೆ. ನಿಮ್ಮದನ್ನು ಕೀಳುವುದಿದ್ದರೆ ಗೆಡ್ಡೆ ಸಮೇತ ಅಗೆದು, ಒಣಗಿಸಿ ಸಾಯಿಸಿ, ಆಮೇಲೆ ಬಿಸಾಕಿ. ಆಳಕ್ಕೆ ಅಗೀಬೇಕು. ಇದರ ಬೇರು ಕುಗ್ಗಿ ಕುಗ್ಗಿ ಗೆಡ್ಡೆಯನ್ನು ವರ್ಷ ವರ್ಷ ಕೆಳಕ್ಕೆ ಎಳೆದುಕೊಳ್ಳುತ್ತದೆ. ನೀವು ಕಿತ್ತಷ್ಟೂ ಬರುವ ಗುಟ್ಟು ಇದೇ.

ತೋಟದ ಹುಚ್ಚು

ಓಹೋ! ನಾನು ಕಳೆ ಕುಡುಗೋಲಲ್ಲಿ ಸವರುತ್ತಿದ್ದೆ. ಶನಿವಾರ ಸನಿಕೆ ತರುತ್ತೇನೆ.

ಲೆಮಿಂಗ್ಟನ್ ಅಕ್ಕ

ಟಿಕೆಟ್ ಬಗ್ಗೆ ಇಷ್ಟು ಮಾತಾಡ್ತಿದ್ದೀರಿ. ನಿಮ್ಮ ಕಾಡು ಇದೆಯಲ್ಲ, ಅದೇ ಪುಣ್ಯ.

ನಾನು ಬೆಳೆದದ್ದು ವಾರಿಕ್‌ಶೈರ್‌ನ ಲೆಮಿಂಗ್ಟನ್‌ನಲ್ಲಿ. ನಮಗೆ ಹತ್ತಿರದ ಕಾಡು ಅಂದರೆ ಸೌತ್ ಕಬಿಂಗ್ಟನ್ ವುಡ್. ಮೊದಲು ಮಾರ್ಚ್ ಕೊನೆಗೆ ಬಿಳಿ ವುಡ್ ಅನೆಮನಿ, ಅದು ಮುಗಿಯುತ್ತಿದ್ದ ಹಾಗೆ ಬ್ಲೂಬೆಲ್. ಪಕ್ಕದ ದಿಬ್ಬದ ಮೇಲೆ ಒಂದು ಹಳೇ ಕಾಡು ಪೇರ್ ಮರ ಇತ್ತು, ಸುಮಾರು 250 ವರ್ಷದ್ದು. 2015ರಲ್ಲಿ ಜನ ವೋಟ್ ಹಾಕಿ ಅದನ್ನು ಇಂಗ್ಲೆಂಡಿನ ವರ್ಷದ ಮರ ಅಂತ ಆರಿಸಿದ್ದರು. ಲಂಡನ್ ಬರ್ಮಿಂಗ್‌ಹ್ಯಾಮ್ ನಡುವಿನ ಹೊಸ ಹೈಸ್ಪೀಡ್ ರೈಲು ದಾರಿ ಸರಿಯಾಗಿ ಅಲ್ಲೇ ಬಂತು. 2020ರ ಅಕ್ಟೋಬರ್‌ನಲ್ಲಿ ಮರ ಕಡಿದರು. ಕಾಡಿನ ಒಂದು ಪಟ್ಟಿಯೂ ಹೋಯಿತು.

ಕಡಿಯುವ ಮುಂಚೆ ಪೇರ್ ಮರದ ಕಡ್ಡಿ ತಗೊಂಡು ಸಸಿ ಮಾಡಿದ್ದಾರೆ. ಕಾಡಿನ ಮೇಲ್ಮಣ್ಣನ್ನು ಗೆಡ್ಡೆ, ಬೀಜ ಎಲ್ಲ ಸೇರಿ ಬಾಚಿ ಬೇರೆ ಜಾಗಕ್ಕೆ ಹಾಕಿದ್ದಾರೆ. ಹೂವು ಅಲ್ಲೂ ಬರಬಹುದು. ಆದರೆ ಕಾಡು ಅಂದರೆ ಮಣ್ಣು ಲಾರಿಯಲ್ಲಿ ಸಾಗಿಸೋ ಸಾಮಾನಾ? ನಾನು ಮತ್ತೆ ಆ ಕಡೆ ಹೋಗಿಲ್ಲ. ತಂಗಿ ಹೋಗಿದ್ದಳು, ಉಳಿದ ಭಾಗದಲ್ಲಿ ಹೂ ಚೆನ್ನಾಗಿದೆ ಅಂದಳು. ನನಗೆ ಮನಸ್ಸು ಬರಲಿಲ್ಲ.

ಹೆಮೆಲ್‌ನವಳು

ಅಕ್ಕಾ, ಓದಿ ಸಂಕಟ ಆಯ್ತು. ಹೋಗಲೇಬೇಕು ಅಂತ ಹೇಳಲ್ಲ. ತಂಗಿ ಜೊತೆ ಇದ್ದರೆ ಒಂದು ಸಲ ಹೋಗಬಹುದೇನೋ ಅಷ್ಟೇ.

ಸೊಪ್ಪುಸದೆ

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ 1600ರಿಂದ ಇಲ್ಲಿಯವರೆಗೆ ಬಿಡದೆ ಕಾಡಾಗಿಯೇ ಉಳಿದ ಜಾಗಕ್ಕೆ ಪುರಾತನ ಕಾಡು ಅನ್ನುತ್ತಾರೆ. ಇಡೀ ಬ್ರಿಟನ್ ನೆಲದಲ್ಲಿ ಅದು ಶೇ 2.5ರಷ್ಟು ಮಾತ್ರ. ಬ್ಲೂಬೆಲ್ ಹಾಸಿಕೊಂಡಿದೆ ಅಂದರೆ ಅಲ್ಲಿ ಹಳೇ ಕಾಡಿನ ಮಣ್ಣು ಇರಬೇಕು ಅಂತ ಊಹಿಸಬಹುದು. ಬೀಜ ದೂರ ಹೋಗಲ್ಲ ಅಂದೆನಲ್ಲ, ಹಾಗಾಗಿ ನಿನ್ನೆ ಮೊನ್ನೆ ನೆಟ್ಟ ತೋಪಿನಲ್ಲಿ ಅದು ತಾನಾಗಿ ಹಬ್ಬಲ್ಲ. ಜಗತ್ತಿನ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಈ ಪುಟ್ಟ ದ್ವೀಪದಲ್ಲೇ ಇವೆ. ಇಲ್ಲಿ ಕಳೆದುಕೊಂಡರೆ ತುಂಬಿಕೊಡುವ ಬೇರೆ ದೇಶ ಇಲ್ಲ.

ಈಸ್ಟ್‌ಹ್ಯಾಮ್ ಎಂಕ

ಸರಿ ಸರಿ, ಟಿಕೆಟ್ ವಿಷಯ ಬಿಟ್ಟೆ. ಪಾರ್ಕಿಂಗ್ ವಿಷಯ ಬಿಡಲ್ಲ.

ಹೇಜಲ್ ಕಡಿಯುವವ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. "ಕಾಡನ್ನು ಮುಟ್ಟಬೇಡಿ, ಹೂ ತಾನಾಗಿ ಇರುತ್ತದೆ" ಅನ್ನುವ ಅರ್ಥ ಬರುತ್ತಿದೆ ಇಲ್ಲಿ. ನಾನು ಸಫೋಕ್‌ನಲ್ಲಿ ಚಳಿಗಾಲದ ಭಾನುವಾರಗಳಲ್ಲಿ ಸ್ವಯಂಸೇವಕನಾಗಿ ಕಾಡಿಗೆ ಹೋಗುತ್ತೇನೆ. ನಾವು ಮಾಡುವುದು ಕಡಿಯುವ ಕೆಲಸ!

ಹೇಜಲ್ ಅಂತ ಪೊದೆ ಮರ. ಅದನ್ನು ಬುಡದ ಹತ್ತಿರ ಕತ್ತರಿಸಿದರೆ ಸಾಯಲ್ಲ, ಬುಡದಿಂದ ಹತ್ತಾರು ನೆಟ್ಟನೆ ಕೋಲು ಚಿಗುರುತ್ತವೆ. ಕೆಲವು ವರ್ಷ ಬಿಟ್ಟು ಮತ್ತೆ ಕಡಿಯುವುದು. ಬೇಲಿಗೆ, ಸೌದೆಗೆ, ಅವರೆ ಬಳ್ಳಿಗೆ ಆಸರೆಯ ಕೋಲಿಗೆ ಅಂತ ನೂರಾರು ವರ್ಷ ಇಲ್ಲಿಯ ರೈತರು ಹೀಗೇ ಮಾಡಿದ್ದು. ಕಾಡನ್ನು ಭಾಗ ಮಾಡಿ ವರ್ಷಕ್ಕೊಂದು ಭಾಗ ಕಡಿಯುತ್ತಿದ್ದರು. ಕಡಿದ ಭಾಗಕ್ಕೆ ಬೆಳಕು ಬೀಳುತ್ತಿತ್ತು. ಕಡಿದ ಎರಡನೇ, ಮೂರನೇ ವಸಂತಕ್ಕೆ ಅಲ್ಲಿ ಬ್ಲೂಬೆಲ್ ನೋಡಬೇಕು, ಹುಚ್ಚೆದ್ದು ಬರುತ್ತದೆ. 20ನೇ ಶತಮಾನದಲ್ಲಿ ಈ ಪದ್ಧತಿ ಬಿಟ್ಟುಹೋಯಿತು. ಕಾಡು ಮುಚ್ಚಿಕೊಂಡು ಕತ್ತಲಾಯಿತು. ಕೆಲವು ಕಡೆ ಹೂ ಕಡಿಮೆಯಾಗೋಕೆ ಜನರ ತುಳಿತದಷ್ಟೇ ಇದೂ ಕಾರಣ.

ಹಾಗಾಗಿ "ಚಿಕ್ಕಂದಿನಲ್ಲಿ ಜಾಸ್ತಿ ಹೂ ಇತ್ತು" ಅಂತ ಯಾರಾದರೂ ಅಂದರೆ ಅದು ಬರೀ ನೆನಪಿನ ಮಹಿಮೆ ಅಂತ ತಳ್ಳಿಹಾಕಬೇಡಿ. ಆಗ ಆ ಕಾಡನ್ನು ಯಾರೋ ಕಡಿಯುತ್ತಿದ್ದಿರಬಹುದು.

ಕೊಪ್ಪದ ಕಾಫಿ

ಅಯ್ಯೋ, ಇದು ನಮ್ಮ ಸೊಪ್ಪಿನ ಬೆಟ್ಟದ ಕಥೆಯಲ್ಲವಾ! ಅಡಿಕೆ ತೋಟಕ್ಕೆ ಸೊಪ್ಪು ಕಡಿಯೋದು, ಒಂದು ವರ್ಷ ಈ ಕಡೆ, ಇನ್ನೊಂದು ವರ್ಷ ಆ ಕಡೆ. ಅಜ್ಜ ಹದವಾಗಿ ಸವರುತ್ತಿದ್ದರು, ಈಗಿನವರು ನುಣ್ಣಗೆ ಬೋಳಿಸುತ್ತಾರೆ ಅನ್ನೋದು ಬೇರೆ ಮಾತು.

ಅಲ್ಲಿ ಜಿಂಕೆ ಕಾಟ ಇಲ್ಲವಾ? ನಮ್ಮಲ್ಲಿ ಎಳೆ ಚಿಗುರು ಒಂದೂ ಬಿಡಲ್ಲ.

ಹೇಜಲ್ ಕಡಿಯುವವ

ಇಲ್ಲದೇ ಏನು! ಅದೇ ನಮ್ಮ ದೊಡ್ಡ ತಲೆನೋವು. ಮಂಟ್‌ಜಾಕ್ ಅಂತ ಗಿಡ್ಡ ಜಿಂಕೆ. ನಿಮ್ಮ ಕಾಡುಕುರಿಯ ದಾಯಾದಿ, ಚೀನಾ ಕಡೆಯದ್ದು. 20ನೇ ಶತಮಾನದ ಶುರುವಿನಲ್ಲಿ ಬೆಡ್‌ಫರ್ಡ್‌ಶೈರ್‌ನ ವೋಬರ್ನ್ ಎಸ್ಟೇಟಿನಲ್ಲಿ ಶೋಕಿಗೆ ತಂದು ಸಾಕಿದ್ದರು. ತಪ್ಪಿಸಿಕೊಂಡದ್ದು, ಬಿಟ್ಟದ್ದು ಎಲ್ಲ ಸೇರಿ ಈಗ ಇಂಗ್ಲೆಂಡ್ ತುಂಬ ಹಬ್ಬಿದೆ. ಬ್ಲೂಬೆಲ್ ಎಲೆ ಹೂ ಎರಡನ್ನೂ ಮೇಯುತ್ತದೆ. ನಾವು ಹೇಜಲ್ ಕಡಿದ ಮೇಲೆ ಸುತ್ತ ಬೇಲಿ ಹಾಕದಿದ್ದರೆ ಚಿಗುರೂ ಇಲ್ಲ, ಹೂವೂ ಇಲ್ಲ. ಸಾಯಂಕಾಲ ನಾಯಿ ತರಹ ಬೊಗಳುತ್ತದೆ.

ಕೊಪ್ಪದ ಕಾಫಿ

ಗೊತ್ತು ಬಿಡಿ! ನಮ್ಮ ಕಾಡುಕುರಿಯೂ ಹಾಗೇ, ಹುಲಿಯ ಸುಳಿವು ಸಿಕ್ಕರೆ ಬೊಗಳುತ್ತದೆ. ಅಲ್ಲಿ ಯಾರನ್ನು ನೋಡಿ ಬೊಗಳುತ್ತದಂತೆ? ಎಂಕಣ್ಣನ ಕಾರು ನೋಡಿಯಾ?

ಬ್ರಸಲ್ಸ್ ಭಟ್ಟ

ಯುರೋಪಿನ ಕಡೆಯಿಂದಲೂ ಒಂದು ಮಾತು ಇರಲಿ. ಬ್ರಸಲ್ಸ್‌ನಿಂದ ದಕ್ಷಿಣಕ್ಕೆ ಹಾಲೆ ಅಂತ ಊರು, ಅದರ ಪಕ್ಕ ಹಾಲರ್‌ಬೋಸ್ ಕಾಡು. ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರದ ತನಕ ನೋಡಿದರೆ ಕಣ್ಣು ತಂಪು. ವಿಶೇಷ ಏನು ಗೊತ್ತಾ? ಮೊದಲನೇ ಮಹಾಯುದ್ಧದಲ್ಲಿ ಜರ್ಮನರು ಇಲ್ಲಿಯ ದೊಡ್ಡ ಮರಗಳನ್ನು ಕಡಿದುಕೊಂಡು ಹೋದರು. ಆಮೇಲೆ 1930ರಿಂದ 1950ರ ನಡುವೆ ಮತ್ತೆ ನೆಟ್ಟರು. ಅಂದರೆ ಮೇಲಿನ ಮರ ನಮ್ಮ ಅಜ್ಜನ ವಯಸ್ಸಿನದು, ಕೆಳಗಿನ ಹೂವಿನ ಸಂಸಾರ ಅದಕ್ಕಿಂತ ಎಷ್ಟೋ ಹಳೆಯದು. ಮಣ್ಣನ್ನು ಯಾರೂ ಉಳಲಿಲ್ಲ, ಹಾಗಾಗಿ ಗೆಡ್ಡೆ ಉಳಿಯಿತು.

ಲೆಮಿಂಗ್ಟನ್ ಅಕ್ಕ, ನಿಮ್ಮ ಕಾಡಿನ ಉಳಿದ ಭಾಗಕ್ಕೂ ಇದು ಅನ್ವಯ ಆಗುತ್ತದೆ ಅಂದುಕೊಳ್ಳುತ್ತೇನೆ.

ಇಲ್ಲೂ ದಾರಿ ಬಿಟ್ಟು ಹೋಗುವ ಹಾಗಿಲ್ಲ. ಹೂವಿನ ವಾರಾಂತ್ಯಗಳಲ್ಲಿ ಹಾಲೆ ಸ್ಟೇಷನ್ನಿನಿಂದ ಬಸ್ ಬಿಡುತ್ತಾರೆ, ಎಂಕಣ್ಣನಿಗೆ ಪಾರ್ಕಿಂಗ್ ಚಿಂತೆ ಇಲ್ಲ.

ಲೆಮಿಂಗ್ಟನ್ ಅಕ್ಕ

ಭಟ್ರೆ, ಇದು ಗೊತ್ತಿರಲಿಲ್ಲ. ಅಷ್ಟೆಲ್ಲ ಕಡಿದ ಮೇಲೂ ಬಂತಾ? ಪೂರ್ತಿ ಕಡಿದಿದ್ದರಾ?

ಬ್ರಸಲ್ಸ್ ಭಟ್ಟ

ದೊಡ್ಡ ಮರ ಹೆಚ್ಚು ಉಳಿಯಲಿಲ್ಲ. ಆದರೆ ಅಕ್ಕಾ, ಒಂದು ವ್ಯತ್ಯಾಸ ಇದೆ, ಸುಳ್ಳು ಸಮಾಧಾನ ಹೇಳಲ್ಲ. ಇಲ್ಲಿ ಮರ ಹೋಯಿತು, ನೆಲ ಇದ್ದ ಕಡೆಯೇ ಇತ್ತು. ನಿಮ್ಮಲ್ಲಿ ರೈಲು ಹಳಿ ಬಂದ ಪಟ್ಟಿಯಲ್ಲಿ ನೆಲವೇ ಹೋಗಿದೆ. ಪಕ್ಕದ್ದು ಉಳಿದಿದೆ.

ದೇವನಹಳ್ಳಿ ಅತ್ತೆ

ನನ್ನ ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ, ವಿಡಿಯೋ ಕಾಲ್‌ನಲ್ಲಿ ಈ ಹೂ ತೋರಿಸಿದ. ಎಷ್ಟು ಚೆಂದ! ಬರುವಾಗ ನಾಲ್ಕು ಗೆಡ್ಡೆ ತಾ ಅಂದಿದ್ದೇನೆ. ಕುಂಡದಲ್ಲಿ ಬರುತ್ತದಾ? ಮಣ್ಣು ಹೇಗಿರಬೇಕು?

ಸೊಪ್ಪುಸದೆ

ಅತ್ತೆ, ದಯವಿಟ್ಟು ಬೇಡ. ಕಾಡಿನಿಂದ ಗೆಡ್ಡೆ ಅಗೆಯುವುದು 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಮುಟ್ಟುವ ಹಾಗಿಲ್ಲ. 1998ರಿಂದ ಕಾಡಿನ ಗೆಡ್ಡೆ ಮಾರುವುದಕ್ಕೂ ನಿಷೇಧ ಇದೆ. ಗಿಡ ಸಾಕುವವರಿಗೆ ಅಂತ ನರ್ಸರಿಯಲ್ಲೇ ಬೆಳೆಸಿದ್ದು ಸಿಗುತ್ತದೆ. ಆದರೆ ವಿಮಾನದಲ್ಲಿ ಗೆಡ್ಡೆ ತರೋಕೆ ಇನ್ನೊಂದು ಕಾನೂನು ಅಡ್ಡ ಬರುತ್ತದೆ.

ತಂದರೂ ದೇವನಹಳ್ಳಿಯಲ್ಲಿ ಹೂ ಬಿಡಲ್ಲ. ಅದಕ್ಕೆ ತಿಂಗಳುಗಟ್ಟಲೆ ಚಳಿ ಬೇಕು. ಮೇಲಾಗಿ ಇಡೀ ಗಿಡ ವಿಷ. ಹಸು, ನಾಯಿ ತಿಂದರೆ ಕಷ್ಟ. ರಸ ಅಂಟಂಟು, ಹಿಂದೆ ಇದನ್ನೇ ಬಾಣಕ್ಕೆ ಗರಿ ಅಂಟಿಸೋಕೆ, ಪುಸ್ತಕ ಬೈಂಡ್ ಮಾಡೋಕೆ ಬಳಸುತ್ತಿದ್ದರು.

ದೇವನಹಳ್ಳಿ ಅತ್ತೆ

ಹಸು ಇದೆ ನಮ್ಮಲ್ಲಿ. ಬೇಡ ಬಿಡಪ್ಪ. ಮಗನಿಗೆ ಫೋನ್ ಮಾಡ್ತೀನಿ ಈಗಲೇ.

ಹೆಮೆಲ್‌ನವಳು

ಹಹ್ಹಾ, ಅತ್ತೆ! ಬೇಗ ಮಾಡಿ.

ಎಂಕಣ್ಣ, ನಿನ್ನೆ ವಾನ್‌ಸ್ಟೆಡ್‌ಗೆ ಹೋಗಿ ಬಂದೆವು. ಬೆಳಗ್ಗೆ ಬೇಗ ಹೋದದ್ದು ಒಳ್ಳೆಯದಾಯಿತು. ಚಿಕ್ಕ ತೋಪು ನಿಜ, ಆದರೆ ದಿಮ್ಮಿ ದಾರಿ ಅಮ್ಮನಿಗೆ ಬಹಳ ಹಿಡಿಸಿತು. ದಾರಿಯಂಚಿನ ಒಂದು ದಪ್ಪ ದಿಮ್ಮಿಯ ಮೇಲೆ ಕೂತರು, ಹೂವು ಮೊಣಕಾಲಿನ ಪಕ್ಕದಲ್ಲೇ. ಡಾಕಿ ವುಡ್‌ನಲ್ಲಿ ಬಂದ ಸಿಟ್ಟು ಇಲ್ಲಿ ಇಳಿಯಿತು. ನನಗೆ ಇನ್ನೂ ಡಾಕಿ ವುಡ್ಡೇ ಮೇಲು, ಅದು ನನ್ನ ಪಕ್ಷಪಾತ.

ಮಗಳಿಗೆ ಒಂದು ದೂರು. ಫೋನ್‌ನಲ್ಲಿ ತೆಗೆದ ಫೋಟೋ ಎಲ್ಲ ನೇರಳೆ ಬರುತ್ತದೆ, ಕಣ್ಣಿಗೆ ಕಂಡ ನೀಲಿ ಬರುವುದೇ ಇಲ್ಲ. ಏನು ಮಾಡೋದು?

ಬ್ರಸಲ್ಸ್ ಭಟ್ಟ

ಎಲ್ಲರದ್ದೂ ಅದೇ ಗೋಳು. ಸುಡು ಬಿಸಿಲಲ್ಲಿ ತೆಗೀಬೇಡಿ. ಮೋಡ ಇರುವಾಗ ಅಥವಾ ಬೆಳಗ್ಗೆ ಎದ್ದ ತಕ್ಷಣ ಹೋಗಿ. ಫೋನ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಕೈಯಿಂದ ಬದಲಾಯಿಸುವ ಸೌಲಭ್ಯ ಇದ್ದರೆ ಸ್ವಲ್ಪ ತಂಪು, ಅಂದರೆ ನೀಲಿ ಕಡೆಗೆ ಎಳೆಯಿರಿ. ದೂರದ ಹೂವು ಹತ್ತಿರ ಹತ್ತಿರ ಕಾಣಬೇಕಾದರೆ ಫೋನ್ ಕೆಳಗಿಳಿಸಿ, ಹೂವಿನ ಎತ್ತರಕ್ಕೆ ಹಿಡಿದು ಜೂಮ್ ಮಾಡಿ. ಹಾಗೆ ಮಾಡಿದರೆ ನಡುವಿನ ಬೋಳು ಜಾಗ ಕಾಣಲ್ಲ, ಒಳಗೆ ನುಗ್ಗುವ ಅವಶ್ಯಕತೆಯೂ ಇಲ್ಲ.

ಈಸ್ಟ್‌ಹ್ಯಾಮ್ ಎಂಕ

ಅಮ್ಮನವರಿಗೆ ಇಷ್ಟ ಆಯಿತಲ್ಲ, ನನಗೆ ಅಷ್ಟೇ ಸಾಕು. ಇನ್ನೂ ನೋಡಬೇಕಾದರೆ ಲಂಡನ್ನಿನ ಕ್ಯೂ ಗಾರ್ಡನ್ ಅನ್ನುವ ಸಸ್ಯೋದ್ಯಾನಕ್ಕೆ ಹೋಗಿ, ರಾಣಿ ಷಾರ್ಲೆಟ್ ಕಾಟೇಜ್ ಸುತ್ತ ಬ್ಲೂಬೆಲ್ ಇದೆ. ಒಳ್ಳೆ ದಾರಿ ಇದೆ, ಕೂರೋಕೆ ಬೆಂಚ್ ಇದೆ. ಟಿಕೆಟ್ ಇದೆ, ಅದು ಗಾರ್ಡನ್ನು, ಕೊಡಬಹುದು. ಕಾಡಿಗೆ ಮಾತ್ರ ನಾನು ಒಪ್ಪಲ್ಲ.

ಹೇಜಲ್ ಕಡಿಯುವವ

ಎಂಕಣ್ಣ, ಒಂದು ಚಳಿಗಾಲದ ಭಾನುವಾರ ಬನ್ನಿ ನಮ್ಮ ಜೊತೆ. ಟಿಕೆಟ್ ಇಲ್ಲ, ಪಾರ್ಕಿಂಗ್ ಇದೆ, ಕೈಗೆ ಗರಗಸ ಕೊಡುತ್ತೇವೆ.

ಈಸ್ಟ್‌ಹ್ಯಾಮ್ ಎಂಕ

ಊಟ ಇದೆಯಾ?

ಹೇಜಲ್ ಕಡಿಯುವವ

ಬಿಸಿ ಸೂಪು, ಬಿಸ್ಕತ್ತು. ನೀವು ಪುಳಿಯೋಗರೆ ತಂದರೆ ನಿಮಗೆ ವಿಶೇಷ ಗೌರವ.

ಗ್ಲಾಸ್ಗೋ ಗೌಡ

ತಡವಾಗಿ ಬಂದೆ. ಎಲ್ಲರೂ ದಕ್ಷಿಣದ ಮಾತೇ ಆಡ್ತಿದ್ದೀರಿ. ಅಲ್ಲಿ ಮುಗಿದ ಮೇಲೆ ನಮ್ಮಲ್ಲಿ ಶುರು. ಸ್ಕಾಟ್ಲೆಂಡಿನಲ್ಲಿ ಮೇ ಮಧ್ಯ ಅಂದರೆ ಸರಿಯಾದ ಸಮಯ. ಲಾಕ್ ಲೊಮಂಡ್ ಸರೋವರದಲ್ಲಿ ಇಂಚ್‌ಕೈಲಾಕ್ ಅಂತ ದ್ವೀಪ ಇದೆ. ಬಾಲ್ಮಾಹಾ ಹಳ್ಳಿಯಿಂದ ಪುಟ್ಟ ದೋಣಿ, ಸ್ವಲ್ಪ ಹೊತ್ತಿನ ಪಯಣ. ದ್ವೀಪದ ಓಕ್ ಕಾಡಿನ ಕೆಳಗೆ ಬ್ಲೂಬೆಲ್, ಮರಗಳ ಸಂದಿಯಲ್ಲಿ ನೀರು. ಹಿಂದೆ ಇಲ್ಲಿಯ ಓಕ್ ತೊಗಟೆಯನ್ನು ಚರ್ಮ ಹದ ಮಾಡೋಕೆ ಕಡಿಯುತ್ತಿದ್ದರು, ಹೇಜಲ್ ಅವರು ಹೇಳಿದ ಕಥೆಯೇ.

ಹೆಮೆಲ್‌ನವಳು

ಗೌಡ್ರೆ, ಮೇ ಮಧ್ಯದವರೆಗೆ ಇಲ್ಲೇ ಇರುತ್ತೇವೆ! ಅಮ್ಮನಿಗೆ ದೋಣಿ ಹತ್ತೋಕೆ ಆಗುತ್ತದಾ? ದ್ವೀಪದಲ್ಲಿ ಏರು ಜಾಸ್ತಿ ಇದೆಯಾ?

ಗ್ಲಾಸ್ಗೋ ಗೌಡ

ದೋಣಿ ಹತ್ತುವಾಗ ಕೈ ಹಿಡಿಯೋಕೆ ಒಬ್ಬರು ಬೇಕು. ದ್ವೀಪದ ತುದಿಗೆ ಹೋಗುವ ದಾರಿ ಏರು, ಮೆಟ್ಟಿಲು ಬೇರೆ, ಮಂಡಿ ನೋವಿಗೆ ಅದು ಬೇಡ. ಕೆಳಗಿನ ದಾರಿಯಲ್ಲಿ ನಿಧಾನಕ್ಕೆ ಎಷ್ಟಾಗುತ್ತೋ ಅಷ್ಟು ಹೋಗಿ ವಾಪಸ್ ಬನ್ನಿ, ಅಲ್ಲೇ ಹೂ ಸಿಗುತ್ತದೆ. ದೋಣಿ ಗಾಳಿ ಮಳೆ ಇದ್ದರೆ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ಬೂಟು ಹಾಕಿಸಿ, ನೆಲ ಒದ್ದೆ ಇರುತ್ತದೆ. ಮೇ ಕೊನೆಗೆ ಮಿಡ್ಜ್ ಹುಳದ ಕಾಟ ಶುರು, ಅದಕ್ಕೆ ಮುಂಚೆ ಬಂದುಬಿಡಿ. ದಿನಾಂಕ ಗೊತ್ತಾದರೆ ಇಲ್ಲೇ ಬರೆಯಿರಿ, ಶನಿವಾರವಾದರೆ ನಾವೂ ಬರುತ್ತೇವೆ. ಚಿತ್ರಾನ್ನ ನಮ್ಮ ಮನೆಯದ್ದು.